ಇಲ್ಲದ ತಟ್ಟಿಗೆ ಎರಚಿದ ನೀರು

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ನನ್ನ ಕಸುಬು ಅಂಥದ್ದು. ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದಲ್ಲಿ ಫ್ಯಾನು, ಮೋಟಾರು, ಕೂಲರು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೆ. ಸದ್ದು ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಬೇರಿಂಗ್ ಸವೆದಿರುತ್ತದೆ, ಇಲ್ಲವೇ ರೆಕ್ಕೆ ಎಲ್ಲೋ ತಗಲುತ್ತಿರುತ್ತದೆ. ಹುಡುಕಿದರೆ ಸಿಗುತ್ತದೆ. ಆದರೆ ಒಂದು ಸದ್ದಿನ ಕಾರಣ ಮಾತ್ರ ಇವತ್ತಿಗೂ ನನಗೆ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಅನ್ವರ್ ಭಾಯ್ ಅವರ ಮನೆ. ಅವರದು ರೇಷ್ಮೆ ನೂಲು ತೆಗೆಯುವ ಮನೆತನ. ಅವರ ತಾಯಿಯನ್ನು ಮನೆಯವರೆಲ್ಲ ಅಮ್ಮಾಜಾನ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಆಕೆಯ ಕೋಣೆಯ ಕಿಟಕಿಗೆ ಹಿಂದಿನ ಕಾಲದ ಒಂದು ಲಾವಂಚದ ಬೇರಿನ ತಟ್ಟಿ ಕಟ್ಟಿದ್ದರು. ಅನ್ವರ್ ಭಾಯ್ ಅವರ ತಂದೆ ಬದುಕಿದ್ದಾಗ, ಬೆಳಗಿನಿಂದ ಗೂಡು ಬೇಯುವ ಹಬೆಯಲ್ಲಿ ನಿಂತು ಬೆಂದು, ಮಧ್ಯಾಹ್ನದ ನಮಾಜು ಮುಗಿಸಿ ಮನೆಗೆ ಬಂದವರೇ ಅಂಗಳದ ತೊಟ್ಟಿಯಿಂದ ಚೊಂಬಿನಲ್ಲಿ ನೀರು ಮೊಗೆದು ತಟ್ಟಿಗೆ ಎರಚುತ್ತಿದ್ದರಂತೆ. ಆ ಕೆಲಸವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲವಂತೆ. ಕೋಣೆ ತಣ್ಣಗಾದ ಮೇಲೆ ಗಂಡ ಹೆಂಡತಿ ಊಟಕ್ಕೆ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ತಟ್ಟಿಗೆ ನೀರು ಹಾಕುವವರಿಲ್ಲದೆ ಅದು ಒಣಗಿತು. ಬೇರು ಉದುರಿ ಕೋಣೆಗೆಲ್ಲ ಧೂಳು ಬರತೊಡಗಿತು.

ಒಂದು ಬೇಸಿಗೆಯಲ್ಲಿ ಅನ್ವರ್ ಭಾಯ್ ಅಂಗಡಿಗೆ ಬಂದರು. "ಅಮ್ಮಾಜಾನ್ ಸೆಕೆಗೆ ಒದ್ದಾಡ್ತಾರಣ್ಣ. ಫ್ಯಾನು ಬಿಸಿ ಗಾಳೀನೇ ತಿರುಗಿಸ್ತದೆ. ಏನಾದ್ರೂ ಒಳ್ಳೇದು ಹಾಕ್ಕೊಡಿ," ಎಂದರು.

ಹೋಗಿ ಕೋಣೆ ನೋಡಿದೆ. ನಮ್ಮ ಕಡೆಯ ಒಣ ಬಿಸಿಲಿಗೆ ನೀರಿನ ಕೂಲರು ಹೇಳಿ ಮಾಡಿಸಿದಂಥದ್ದು. ಎದುರು ಬಾಗಿಲು ತೆರೆದಿಟ್ಟರೆ ಒದ್ದೆ ಗಾಳಿ ಒಳಗೇ ನಿಂತು ಮುಗ್ಗುವುದಿಲ್ಲ. ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ದೊಡ್ಡ ತಗಡಿನ ಕೂಲರನ್ನೇ ಕೂರಿಸಿದೆ. ಹಳೆಯ ತಟ್ಟಿಯನ್ನು ನಾನೇ ಬಿಚ್ಚಿದೆ. ಕೈ ಇಟ್ಟಲ್ಲೆಲ್ಲ ಪುಡಿಯಾಯಿತು. ಅದನ್ನು ನೀರೊಲೆಗೆ ಹಾಕಿದರು. ಅಮ್ಮಾಜಾನ್ ಮಂಚದ ಮೇಲೆ ಕೂತು ನೋಡುತ್ತಿದ್ದರು. ಕೂಲರು ಓಡತೊಡಗಿದಾಗ ಅನ್ವರ್ ಭಾಯ್ ತಾಯಿಯ ಮುಖದ ಮುಂದೆ ಕೈ ಹಿಡಿದು ಗಾಳಿ ತಣ್ಣಗಿದೆಯೇ ಎಂದು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

ಆಮೇಲೆ ಶುರುವಾಯಿತು ದೂರು. "ಸದ್ದು ಜಾಸ್ತಿ ಅಂತಾರೆ," ಎಂದು ಅನ್ವರ್ ಭಾಯ್ ಹೇಳಿ ಕಳಿಸುವರು. ನಾನು ಹೋಗಿ ಬೇರಿಂಗ್ ಬದಲಿಸಿದೆ. ಸ್ಟ್ಯಾಂಡಿನ ಕಾಲಿಗೆ ಹಳೆಯ ಟಯರಿನ ತುಂಡು ಕೊಟ್ಟೆ. ಪಂಪು ಬದಲಾಯಿಸಿದೆ. ಕೊನೆಗೆ ಆ ಕೂಲರು ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ ಬೇರೆ ಗಿರಾಕಿಗಳಿಗೆ ತೋರಿಸಲು ಕರೆತರಬಹುದಿತ್ತು. ಆದರೂ ಮಧ್ಯಾಹ್ನವಾಯಿತೆಂದರೆ ಅಮ್ಮಾಜಾನ್ ಆರಿಸಿ ಎನ್ನುವುದು, ಮನೆಯವರು ಸೆಕೆಯಾಗುತ್ತದೆಂದು ಮತ್ತೆ ಹಾಕುವುದು ನಡೆದೇ ಇತ್ತು. ವಯಸ್ಸಾದವರ ಹಟ ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಮರುವರ್ಷ ಯುಗಾದಿ ಕಳೆದು ಬಿಸಿಲು ಏರಿದಾಗ ಕೂಲರು ಸರ್ವೀಸಿಗೆಂದು ಹೋದೆ. ಅದನ್ನು ಸ್ಟ್ಯಾಂಡಿನಿಂದ ಇಳಿಸಿ ಅಂಗಳದ ಇನ್ನೊಂದು ಬದಿಗೆ ಒಯ್ದು, ಅದರ ತಳದ ಟ್ಯಾಂಕಿನ ಪಾಚಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದೆ. ನೀರು ಇಳಿಯುವ ಮೂರು ಕಡೆಯ ಪ್ಯಾಡು ಕಿತ್ತು ಹೊಸದು ಕಟ್ಟಬೇಕಿತ್ತು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅನ್ವರ್ ಭಾಯ್ ಅವರ ಹೆಂಡತಿ ಅಡುಗೆಮನೆಯಲ್ಲಿದ್ದರು. ನಾನು ವೈರು ನೋಡಲು ಅಮ್ಮಾಜಾನರ ಕೋಣೆಗೆ ಹೋದೆ. ಮಧ್ಯಾಹ್ನದ ನಮಾಜು ಮುಗಿಸಿ ಜನ ಬೀದಿಯಲ್ಲಿ ಹೋಗುತ್ತಿದ್ದ ಹೊತ್ತು. ಮಂಚದ ಮೇಲಿದ್ದ ಅಮ್ಮಾಜಾನ್ ಕೈ ಎತ್ತಿ ನನ್ನನ್ನು ಕರೆದರು.

"ಬೇಟಾ, ಮಿಷನ್ನು ಈಗಲೇ ಹಾಕ್ಬೇಡ. ಸ್ವಲ್ಪ ಹೊತ್ತು ಹಿಂಗೇ ಇರ್ಲಿ."

"ಸೆಕೆ ಅಲ್ವಾ ಅಮ್ಮಾಜಾನ್?"

"ಇರ್ಲಿ. ಅವ್ರು ಬರೋ ಹೊತ್ತು. ಅದು ಓಡ್ತಿದ್ರೆ ನಂಗೆ ಕೇಳ್ಸಲ್ಲ."

ಯಾರು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯ ಹೊರಗೆ ಚೊಂಬಿನಲ್ಲಿ ನೀರು ಮೊಗೆದ ಸದ್ದಾಯಿತು. ಮರುಕ್ಷಣ ಒಣಗಿದ ಬೇರಿನ ಮೇಲೆ ನೀರು ಅಪ್ಪಳಿಸಿದ ಸದ್ದು. ನೀರು ಕೆಳಗಿಳಿದು ನೆಲಕ್ಕೆ ತೊಟ್ಟಿಕ್ಕುವುದು ಕೇಳಿಸಿತು. ಮತ್ತೆ ಇನ್ನೊಂದು ಚೊಂಬು. ನನ್ನ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು, ಜೊತೆಗೇ ಲಾವಂಚದ ಪರಿಮಳ. ನನ್ನ ಕಣ್ಣೆದುರಿಗೆ ಬರೀ ಸರಳಿನ ಕಿಟಕಿ ಇತ್ತು. ಅದರಾಚೆ ಖಾಲಿ ಸ್ಟ್ಯಾಂಡು, ಬಿಸಿಲು. ಅಲ್ಲಿ ಯಾರೂ ಇರಲಿಲ್ಲ.

ನಾನು ಓಡಿ ಹೋಗಿ ಕಿಟಕಿಯ ಚಪ್ಪಡಿ ಮುಟ್ಟಿದೆ. ಕೈ ಸುಡುವಷ್ಟು ಕಾದಿತ್ತು, ಒಂದು ಹನಿ ತೇವ ಇಲ್ಲ. ಹೊರಗೆ ಬಂದು ನಲ್ಲಿ ನೋಡಿದೆ, ಪಕ್ಕದ ಮನೆಯ ಗೋಡೆ ನೋಡಿದೆ. ಅಂಗಳದ ನೀರಿನ ತೊಟ್ಟಿಯನ್ನು ಎಂದೋ ಮುಚ್ಚಿ ಮೇಲೆ ಸೌದೆ ಒಟ್ಟಿದ್ದರು. ಕಿತ್ತ ಪ್ಯಾಡೂ ನಾನು ತಂದಿದ್ದ ಹೊಸದೂ ಮರದ ತೆಳು ಎಳೆಯವು, ಅವಕ್ಕೆ ಲಾವಂಚದ ವಾಸನೆ ಎಲ್ಲಿಂದ ಬರಬೇಕು? ವಾಪಸು ಕೋಣೆಗೆ ಬಂದಾಗ ಅಮ್ಮಾಜಾನ್ ಕಣ್ಣು ಮುಚ್ಚಿಕೊಂಡಿದ್ದರು. ಅವರ ಹಣೆಯ ಮೇಲೆ ಬೆವರಿರಲಿಲ್ಲ.

"ನಿಂಗೂ ಕೇಳ್ಸ್ತಲ್ಲ," ಎಂದರು ಮೆಲ್ಲಗೆ. ಅದು ಪ್ರಶ್ನೆಯಂತಿರಲಿಲ್ಲ.

ಅಂದು ಸಂಜೆಯೇ ಅನ್ವರ್ ಭಾಯ್ ಅವರಿಗೆ ಎಲ್ಲವನ್ನೂ ಹೇಳಿದೆ. ನಗಬಹುದು, ಇಲ್ಲವೇ ಬೈಯಬಹುದು ಎಂದುಕೊಂಡಿದ್ದೆ. ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತರು. "ಒಂದು ವರ್ಷದಿಂದ ಆರ್ಸು ಆರ್ಸು ಅಂತಿದ್ರು. ನಾನೇ ಎದ್ದು ಎದ್ದು ಹಾಕ್ತಿದ್ದೆ ಅಣ್ಣಾ," ಎಂದರು. ತಾಯಿ ತಂಪಾಗಿರಲೆಂದು ಮಾಡಿದ್ದು.

ಮಾರನೆಯ ದಿನವೇ ಕೂಲರನ್ನು ನನ್ನ ಅಂಗಡಿಗೆ ವಾಪಸು ತಂದಿಟ್ಟರು. ಎಲ್ಲೆಲ್ಲೋ ವಿಚಾರಿಸಿ ಲಾವಂಚದ ಹೊಸ ತಟ್ಟಿ ಕಟ್ಟಿಸಿದರು. ಸೌದೆ ತೆಗೆಸಿ, ತೊಟ್ಟಿ ತೊಳೆಸಿ ನೀರು ತುಂಬಿಸಿದರು. ಪ್ರತಿ ಮಧ್ಯಾಹ್ನ ಕೆಲಸ ಬಿಟ್ಟು ಮನೆಗೆ ಬಂದು ತಾವೇ ತಟ್ಟಿಗೆ ನೀರು ಎರಚತೊಡಗಿದರು, ತಂದೆ ಮಾಡುತ್ತಿದ್ದ ಹಾಗೆಯೇ. ಕೋಣೆ ತಣ್ಣಗಾಯಿತು. ಅಮ್ಮಾಜಾನ್ ಮಾತ್ರ ದಿನದಿಂದ ದಿನಕ್ಕೆ ಮಂಕಾದರು. ಒಂದು ದಿನ ನಾನು ಅಲ್ಲೇ ಇದ್ದೆ. ಅನ್ವರ್ ಭಾಯ್ ಒದ್ದೆ ಕೈಯಲ್ಲೇ ಒಳಗೆ ಬಂದು, "ಅಬ್ಬಾಜಾನ್ ಬರ್ತಿದಾರಾ ಅಮ್ಮಾಜಾನ್?" ಎಂದು ಕೇಳಿದರು. ಅವರ ಉರ್ದು ನನಗೆ ಅರ್ಥವಾಗುವಷ್ಟು ಅಭ್ಯಾಸವಾಗಿತ್ತು.

ಅಮ್ಮಾಜಾನ್ ಮಗನ ಕೈ ಹಿಡಿದು ತಮ್ಮ ಸೆರಗಿನಿಂದ ಒರೆಸಿದರು. "ನೀನೇ ಹಾಕ್ತಿದೀಯಲ್ಲಪ್ಪ. ಇನ್ನು ಅವ್ರು ಯಾಕೆ ಬರ್ತಾರೆ?" ಎಂದರು.

ಅನ್ವರ್ ಭಾಯ್ ತಟ್ಟಿಯನ್ನೂ ಬಿಚ್ಚಿಸಿದರು. ಬರೀ ಕಿಟಕಿ ಬಿಟ್ಟು ಕಾದರು. ಆ ಸದ್ದು ಮತ್ತೆ ಅಮ್ಮಾಜಾನರಿಗೂ ಕೇಳಿಸಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಆಕೆ ತೀರಿಕೊಂಡರು.

ನಾನು ಆ ಮನೆಯವನಲ್ಲ. ಅಮ್ಮಾಜಾನರ ಯಜಮಾನರನ್ನು ಒಮ್ಮೆಯೂ ಕಂಡವನಲ್ಲ. ನನಗೆ ಯಾಕೆ ಕೇಳಿಸಿತು, ಆ ಮಗನಿಗೆ ಯಾಕೆ ಕೇಳಿಸಲಿಲ್ಲ ಎಂದು ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅನ್ವರ್ ಭಾಯ್ ನನ್ನನ್ನು ಮನೆಗೆ ಕರೆದರು. ತಾಯಿಯ ಕೋಣೆಯಲ್ಲಿ ಕೂರಿಸಿ, ಫ್ಯಾನು ಆರಿಸಿ, ಪಕ್ಕದಲ್ಲಿ ಕೂತರು. ಇಬ್ಬರ ಅಂಗಿಯೂ ಬೆವರಿನಿಂದ ಮೈಗೆ ಅಂಟಿಕೊಂಡಿತು. ದೂರದಲ್ಲಿ ಚಿಂತಾಮಣಿ ಬಸ್ಸಿನ ಹಾರನ್ನು ಕೇಳಿಸಿತು, ಆಮೇಲೆ ಅದೂ ಇಲ್ಲ.

"ಕೇಳಿಸ್ತಾ ಅಣ್ಣಾ?" ಎಂದರು, ನನ್ನ ಮುಖವನ್ನೇ ನೋಡುತ್ತಾ.

"ಇಲ್ಲ," ಎಂದೆ. ಅದು ನಿಜವೇ. ಆದರೆ ಕೇಳಿಸಿದ್ದರೆ ಅವರಿಗೆ ಹೇಳುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.