ತೋಯ್ದ ಕಣಕಿಯ ಪಾಠ

ವಿಜಯಪುರದ ಅಗ್ನಿಶಾಮಕ ಠಾಣೆಗೆ ಹಾಜರಾದ ಮೊದಲ ವಾರವೇ ನನ್ನ ಸೊಂಟಕ್ಕೆ ಹಗ್ಗ ಬಿಗಿದು ಒಂದು ಬಾವಿಗೆ ಇಳಿಸಿದರು. ಒಳಗೆ ನೀರಿರಲಿಲ್ಲ, ಒಂದು ಆಡು ಇತ್ತು. ನನ್ನನ್ನು ಕಂಡು ಅದು ಆ ಬದಿಗೆ ಸರಿಯಿತು, ಅದನ್ನು ಕಂಡು ನಾನು ಈ ಬದಿಗೆ ಸರಿದೆ. ತರಬೇತಿ ಕೊಡುವ ಹಿರಿಯರಾದ ಮಲ್ಲಪ್ಪನವರು ಮೇಲಿನಿಂದ ಕೂಗಿ ಹೇಳಿದರು: "ಹೆದರಬ್ಯಾಡೋ. ಅದಕ್ಕ ರೂಢಿ ಐತಿ, ನೀನಽ ಹೊಸಬ."

ಕುಂದಾಪುರದ ಕಡೆಯ ನಮ್ಮೂರಿನಲ್ಲಿ ಬಾವಿಯೆಂದರೆ ಬಗ್ಗಿದರೆ ಮುಖ ಕಾಣುವ ನೀರು. ಇಲ್ಲಿ ಬಗ್ಗಿದರೆ ಕತ್ತಲು ಕಾಣುತ್ತದೆ. ಊರಲ್ಲಿ ಏಳು ವರ್ಷ ಬೆಂಕಿ ಆರಿಸಿ, ವರ್ಗವಾಗಿ ಬಂದವನು ನಾನು. ನನಗೂ ಮತ್ತೆ ಒಂದನೆಯ ತರಗತಿಯೇ ಎಂದು ಮೂಗು ಮುರಿದಿದ್ದೆ. ಬೆಳಿಗ್ಗೆ ಆರಕ್ಕೆ ಓಟ, ಆಮೇಲೆ ಪೈಪು ಬಿಚ್ಚಿ ಸುತ್ತುವುದು, ಏಣಿ ಹತ್ತುವುದು, ಒಬ್ಬರನ್ನೊಬ್ಬರು ಹೆಗಲ ಮೇಲೆ ಹೊತ್ತು ಓಡುವುದು. ಮಲ್ಲಪ್ಪನವರು ತೂಕದ ಮನುಷ್ಯ. ಹೊರುವ ಪಾಳಿ ಬಂದಾಗಲೆಲ್ಲ ನನ್ನ ಹೆಗಲನ್ನೇ ಆರಿಸುತ್ತಿದ್ದರು.

ಅಥಣಿ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ ಕೋಣೆ ಸಿಕ್ಕಿತು. ಸ್ಟೇಷನ್ ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಕುಚ್ಚಲಕ್ಕಿ ಸಿಗಲಿಲ್ಲ. ಎರಡು ವಾರ ರೊಟ್ಟಿಯೊಂದಿಗೆ ಜಗಳವಾಡಿದೆ, ಮೂರನೆಯ ವಾರ ಸೋತೆ. ಈಗ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯಿಲ್ಲದೆ ಊಟ ಇಳಿಯುವುದಿಲ್ಲ. ಆದರೂ ಸಂಜೆ ಕೋಣೆಯಲ್ಲಿ ಒಬ್ಬನೇ ಕೂತಾಗ ಊರು ನೆನಪಾಗಿ ಮನಸ್ಸು ಹಿಂಡುತ್ತಿತ್ತು.

ನಿಜವಾದ ಸೋಲು ಬಂದದ್ದು ಜೋಳದ ಸುಗ್ಗಿ ಮುಗಿದ ಮೇಲೆ. ಟಿಕೋಟಾ ಕಡೆಯ ಘೋಣಸಗಿಯಲ್ಲಿ ಕಣಕಿಯ ಬಣವಿಗೆ ಬೆಂಕಿ ಬಿದ್ದಿದೆ ಎಂದು ಕರೆ ಬಂತು. ಕಣಕಿ ಎಂದರೆ ತೆನೆ ಕೊಯ್ದುಳಿದ ಜೋಳದ ದಂಟು. ಅದನ್ನು ಸೂಡುಸೂಡಾಗಿ ಕಟ್ಟಿ, ಮನೆಯೆತ್ತರಕ್ಕೆ ಒಟ್ಟಿದರೆ ಬಣವಿ. ನಾನು ಇಳಿದವನೇ ಪೈಪಿನ ಮೂತಿ ಹಿಡಿದು, ಪೂರ್ತಿ ರಭಸದಲ್ಲಿ, ಬಣವಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಸೂಡೂ ಬಿಡದಂತೆ ನೀರು ಹೊಡೆದೆ. ಹಿಂಬದಿಯಲ್ಲಿ ಜನರನ್ನು ಸರಿಸುತ್ತಿದ್ದ ಮಲ್ಲಪ್ಪನವರು ಬರುವಷ್ಟರಲ್ಲಿ ಬೆಂಕಿ ಆರಿತ್ತು. ನಾನು ಎದೆಯುಬ್ಬಿಸಿ ನಿಂತಿದ್ದೆ.

ಬಣವಿಯ ಒಡತಿ ಯಮನವ್ವ ಹತ್ತಿರ ಬಂದು ಒಂದು ಸೂಡು ಎಳೆದು ಹಿಂಡಿದರು. ನೀರು ಸುರಿಯಿತು.

"ಅರ್ಧಾ ಬೆಂಕಿ ತಿಂತು, ಉಳಿದ ಅರ್ಧಾ ನೀ ತೋಯಿಸಿದಿ. ತೋಯ್ದ ಕಣಕಿ ಬೂಸಲ ಹಿಡಿತೈತಿ, ಎಮ್ಮಿ ಮೂಸೂದಿಲ್ಲ. ಮಳಿಗಾಲದ ತನಕ ಏನ್ ಹಾಕ್ಲಿ ಯಪ್ಪಾ?"

ಬೈದಿದ್ದರೆ ಚೆನ್ನಾಗಿತ್ತು. ನಮ್ಮೂರಲ್ಲಿ ಹುಲ್ಲು ತೋಯ್ದರೆ ಹಸುವಿಗೆ ತೋಟದ ಹಸಿ ಹುಲ್ಲಾದರೂ ಉಂಟು. ಇಲ್ಲಿ ಆ ಬಣವಿಯೇ ಅವರ ಎರಡು ಎಮ್ಮೆಗಳ ಇಡೀ ಬೇಸಿಗೆ. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ಠಾಣೆಗೆ ಮರಳುವಾಗ ಮಲ್ಲಪ್ಪನವರು ಹೇಳಿದರು: "ಬಣವಿ ಮೊದಲ ಬಿಚ್ಚಿ ಉಳಿಸಬೇಕು, ನೀರು ಆಮ್ಯಾಲ. ಒಟ್ಟೂದು ಗೊತ್ತಿಲ್ಲದಾಂವ ಬಿಚ್ಚೂದು ಹೆಂಗ? ವಾರದ ರಜಾಕ್ಕ ಯಮನವ್ವ ಆಯಿ ಕಡೆ ಹೋಗು. ಅಕಿ ಹೂಂ ಅನ್ನೂ ತನಕ ನೀ ಪೈಪ್ ಮುಟ್ಟಬ್ಯಾಡ."

ಮರುದಿನವೇ ರಜೆ ಸಿಕ್ಕಿತು, ಹೋದೆ. ತೋಯ್ದ ಸೂಡುಗಳನ್ನೆಲ್ಲ ಬಿಚ್ಚಿ ಬಿಸಿಲಿಗೆ ಹರವಿದೆವು. ವಿಜಯಪುರದ ಬಿಸಿಲನ್ನು ಅದುವರೆಗೆ ಶಪಿಸುತ್ತಿದ್ದ ನಾನು ಅಂದು ಅದಕ್ಕೆ ಕೈಮುಗಿದೆ. ಬೇಗ ಹರವಿದ್ದರಿಂದ ಬಹುಪಾಲು ಕಣಕಿ ಉಳಿಯಿತು. ಮುಂದಿನ ವಾರದಿಂದ ಒಟ್ಟುವ ಪಾಠ: ಬುಡ ಹೊರಗೆ, ತುದಿ ಒಳಗೆ, ಮೇಲೆ ಹೋದಂತೆ ಇಳಿಜಾರು. ನಾನು ಒಟ್ಟಿದ್ದು ಎರಡು ಸಲ ಜಾರಿ ನನ್ನ ಮೇಲೆಯೇ ಬಿತ್ತು. ಯಮನವ್ವ ಸೆರಗು ಬಾಯಿಗಿಟ್ಟು ನಕ್ಕರು.

"ಸರಕಾರ ನಿನಗ ಪಗಾರ ಯಾಕ ಕೊಡತೈತೋ ತಮ್ಮಾ?"

ನಾಲ್ಕನೆಯ ವಾರ ಬಣವಿ ನಿಂತಿತು. ಅವರು ಸುತ್ತಲೂ ಒಂದು ಸುತ್ತು ಹಾಕಿ, ಅಲ್ಲಲ್ಲಿ ಗುದ್ದಿ ನೋಡಿ, ಹೂಂ ಅಂದರು. ಅದೇ ನನ್ನ ಸರ್ಟಿಫಿಕೇಟು.

ಸ್ವಲ್ಪ ದಿನಕ್ಕೆ ಬಬಲೇಶ್ವರದ ಕಡೆಯಿಂದ ಕರೆ ಬಂತು, ಅಲ್ಲಿಯೂ ಬಣವಿಯೇ. ಮಲ್ಲಪ್ಪನವರು ಪೈಪಿನ ಮೂತಿಯನ್ನು ನನ್ನ ಕೈಗಿಟ್ಟರು. ಬೆಂಕಿ ಮುಂದೆ ಸರಿಯದಂತೆ ಉರಿಯುವ ಅಂಚಿಗಷ್ಟೇ ತುಂತುರು ಹಿಡಿದೆ. ಬೆಂಕಿಯಿಲ್ಲದ ತುದಿಯಲ್ಲಿ ನಿಂತಿದ್ದ ರೈತರಿಗೆ ಕೂಗಿದೆ: "ನಡುವ ಎಳಿಬ್ಯಾಡ್ರಿ, ಕುಸಿತೈತಿ. ಮ್ಯಾಲಿಂದ ಬಿಚ್ಚಿ ದೂರ ಒಗೀರಿ." ಅವರು ಸರಸರನೆ ಸೂಡು ಇಳಿಸಿ ಒಗೆದರು. ಉರಿಯುವುದಕ್ಕೂ ಉಳಿದದ್ದಕ್ಕೂ ನಡುವೆ ಖಾಲಿ ಜಾಗ ತೆರೆದ ಮೇಲೆಯೇ ಪೂರ್ತಿ ರಭಸದ ನೀರು ಬಿಟ್ಟೆ. ಅರ್ಧಕ್ಕಿಂತ ಹೆಚ್ಚು ಕಣಕಿ ಒಣಗಿದ್ದದ್ದು ಒಣಗಿಯೇ ಉಳಿಯಿತು. ಬಣವಿಯ ಒಡೆಯ ಒಂದು ದಂಟನ್ನು ಮುರಿದ, ಲಟಕ್ ಎಂದಿತು. ಇಷ್ಟು ಚೆಂದದ ಸದ್ದನ್ನು ನಾನು ಕೇಳಿರಲಿಲ್ಲ.

"ಮುಂದಿನ ವಾರ ಹೊಸ ಹುಡುಗ್ರು ಬರ್ತಾರ. ಬಣವಿ ಪಾಠ ನೀನಽ ಮಾಡು," ಎಂದರು ಮಲ್ಲಪ್ಪನವರು.

ಸಂಜೆ ಕುಂದಾಪುರದ ಅಕ್ಕನಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬಣವಿಗೆ ಬೆಂಕಿ ಬಿದ್ದರೆ ನಮ್ಮ ಕಡೆ ಮೊದಲು ನೀರು ಹೊಡೆಯುವುದಿಲ್ಲ, ಮೇಲಿನಿಂದ ಬಿಚ್ಚುತ್ತೇವೆ ಎಂದೆ. ಅವಳು ನಡುವೆಯೇ ತಡೆದಳು.

"ನಮ್ ಕಡೆ ಅಂದ್ರೆ ಯಾವ್ ಕಡೆ ಮಾರಾಯಾ?"

ಎರಡೂ ಕಡೆ ಎಂದೆ. ಅವಳು ನಕ್ಕಳು. ನಗಬೇಡ ಅಕ್ಕಾ, ನಿಜವೇ ಹೇಳ್ತಿದ್ದೇನೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ನನಗೂ ನಗು ಬಂತು.