ಅಪ್ಪ ಕಳೆ ತೆಗೆದ ಗೋಮಾಳ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಕಡೆಯ ವರ್ಷ ನನ್ನ ಪಾಲಿಗೆ ಬಂದದ್ದು ಹುಲ್ಲೆಣಿಸುವ ಕೆಲಸ. ಬೂದಿಕೋಟೆ ಕಡೆಯ ನಮ್ಮೂರ ಗೋಮಾಳವನ್ನು ದನಗಳು ಮೇದು ಬೋಳು ಮಾಡಿದ್ದವು. ಅದರ ಒಂದು ತುಂಡಿಗೆ ಜಾಲಿಮುಳ್ಳಿನ ಬೇಲಿ ಹಾಕಿ ಬಿಟ್ಟರೆ ಯಾವ್ಯಾವ ಗಿಡ ತಾವಾಗಿ ಮರಳುತ್ತವೆ, ನೋಡಿ ಬರೆ ಎಂದಿದ್ದರು ಸಸ್ಯಶಾಸ್ತ್ರದ ಮೇಷ್ಟ್ರು. ಆ ಬರಹ ಒಪ್ಪಿಸಿದರೆ ಡಿಗ್ರಿ, ಇಲ್ಲವಾದರೆ ಇಲ್ಲ.

ಊರಿನವರ ಲೆಕ್ಕದಲ್ಲಿ ನಾನು ಓದಿ ಓದಿ ತಲೆಕೆಟ್ಟವನು. ಶನಿವಾರ ಬಂಗಾರಪೇಟೆಯಲ್ಲಿ ರೈಲಿಳಿದು, ನಡೆದು ಬಂದು, ಮರದ ಚೌಕಟ್ಟನ್ನು ನೆಲಕ್ಕಿಟ್ಟು, ಅದರೊಳಗೆ ಬಿದ್ದ ಗಿಡಗಳನ್ನು ಎಣಿಸಲು ಮಂಡಿಯೂರುತ್ತಿದ್ದೆ. ಮೊದಮೊದಲು ಗರಿಕೆಯೊಂದೇ. ಮಳೆ ಬಿದ್ದ ಮೇಲೆ ತುಂಬೆ, ಅಣ್ಣೆಸೊಪ್ಪು, ನೆಗ್ಗಿಲು, ವಿಷ್ಣುಕ್ರಾಂತಿ ಒಂದೊಂದಾಗಿ ಬಂದವು. ನಾನೇ ಹುಟ್ಟಿಸಿದೆನೇನೋ ಅನ್ನುವಷ್ಟು ಸೊಕ್ಕು ನನಗೆ. ಕಡೆಯ ಎಣಿಕೆಯೊಂದು ಬಾಕಿಯಿತ್ತು.

ಪರೀಕ್ಷೆಯ ಗಡಿಬಿಡಿಯಲ್ಲಿ ಕೆಲವು ವಾರ ಊರಿಗೆ ಹೋಗಲಿಲ್ಲ. ಹೋದಾಗ ಬೇಲಿಯೊಳಗೆ ಗರಿಕೆ ಬಿಟ್ಟರೆ ಒಂದು ಕಡ್ಡಿಯಿರಲಿಲ್ಲ. ಅಪ್ಪ ಕಳೆಗುದ್ದಲಿ ಹಿಡಿದು ನಿಂತಿದ್ದ. ವಾರವೆಲ್ಲ ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ದುಡಿದು ಭಾನುವಾರ ಮನೆಗೆ ಬರುವವನು, ಆ ಭಾನುವಾರಗಳನ್ನೆಲ್ಲ ಇಲ್ಲಿ ಕಳೆದಿದ್ದ.

“ಎಂಗೈತ್ಲಾ? ಕಳೆ ಮುಚ್ಕೊಂಡು ಮಾನ ಓಗೋ ಅಂಗಿತ್ತು. ನಿಮ್ಮ ಮೇಷ್ಟ್ರು ನೋಡಿದ್ರೆ ಏನಂದ್ಕಂತಾರೆ?”

ರಾಗಿ ಬೆಳೆದ ಕೈಗೆ, ಬೇಲಿ ಹಾಕಿದ ಮೇಲೆ ಅದು ಹೊಲ. ಹೊಲದಲ್ಲಿ ಇರಬೇಕಾದ್ದು ಒಂದೇ ಬೆಳೆ, ಮಿಕ್ಕಿದ್ದು ಕಳೆ. ಇಷ್ಟು ಓದಿದವನಿಗೆ ಇದು ಮೊದಲೇ ಹೊಳೆಯಬಾರದಿತ್ತೇ? ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಚೆನ್ನಾಗೈತಪ್ಪ,” ಅಂದೆ.

ಮೇಷ್ಟ್ರಿಗೆ, ದನ ನುಗ್ಗಿದವು ಎಂದು ಸುಳ್ಳು ಹೇಳಿದೆ. “ಇನ್ನೊಂದು ಮಳೆಗಾಲ ಎಣಿಸು, ಅದೇ ಕಡೆಯ ಅವಕಾಶ,” ಎಂದರು. ಆ ವರ್ಷ ಡಿಗ್ರಿ ಸಿಗಲಿಲ್ಲ. ನಾನೇ ಸರಿಯಾಗಿ ಓದಲಿಲ್ಲವೆಂದು ಅಪ್ಪನಿಗೆ ಇನ್ನೊಂದು ಸುಳ್ಳು ಹೇಳಿದೆ.

ಮುಂಗಾರು ಬಿತ್ತು. ಎಲ್ಲ ಗಿಡಗಳೂ ತಿರುಗಿ ಬಂದವು. ಒಂದು ಭಾನುವಾರ ಬೆಳಿಗ್ಗೆ ನಾನು ಚೌಕಟ್ಟು ಹೊತ್ತು ಹೋಗುವಷ್ಟರಲ್ಲಿ ಅಪ್ಪ ಕೆಮ್ಮುತ್ತ ಬೇಲಿಯೊಳಗೆ ಕುಳಿತು ಆಗಲೇ ಅರ್ಧ ಕಿತ್ತಿದ್ದ. ಬೇಡ ಅನ್ನಲು ಬಾಯಿ ತೆರೆದೆ. ಅವನು ತಲೆಯೆತ್ತಲಿಲ್ಲ.

“ನಿನ್ನ ಓದಿಗೆ ನಂಗೆ ಮಾಡಕ್ಕೆ ಬರೋದು ಇದೊಂದೇ ಕಣ್ಲಾ.”

ಚೌಕಟ್ಟನ್ನು ಬೇಲಿಗೊರಗಿಸಿ ಅವನ ಪಕ್ಕ ಕುಕ್ಕರುಗಾಲಲ್ಲಿ ಕುಳಿತೆ. ತುಂಬೆ ಕಿತ್ತೆ, ನೆಗ್ಗಿಲು ಕಿತ್ತೆ. ಡಿಗ್ರಿ ಹೋಯಿತೆಂದು ಗೊತ್ತಿತ್ತು. ಏನೂ ಅನ್ನಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ಪೂರ್ತಿ ಮುಗಿಸಿದೆವು.