ಅಂಗಳದಲ್ಲೊಂದು ಅಡುಗೆಮನೆ

ಮೆಟ್ಟುಕತ್ತಿಯನ್ನು ನೀವು ನೋಡಿಯೇ ಇರುತ್ತೀರಿ. ಹಲಸಿನ ಮರದ ಒಂದು ಮಣೆ, ಅದರ ಮೇಲೆ ಕೊಕ್ಕರೆಯ ಕತ್ತಿನಂತೆ ಎದ್ದು ಬಾಗಿದ ಒಂದು ಅಲಗು, ಅಲಗಿನ ತುದಿಯಲ್ಲಿ ಹಲ್ಲು ಹಲ್ಲಾದ ಒಂದು ಪುಟ್ಟ ತಲೆ. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು ನೆಲಕ್ಕೆ ಕೂತರೆ ಅಲಗಿನಲ್ಲಿ ಸೌತೆಕಾಯಿಯಿಂದ ಹಿಡಿದು ಬಂಗುಡೆ ಮೀನಿನ ತನಕ ಏನನ್ನು ಬೇಕಾದರೂ ಕತ್ತರಿಸಬಹುದು, ತಲೆಯಲ್ಲಿ ತೆಂಗಿನಕಾಯಿ ಹೆರೆಯಬಹುದು. ಕುಕ್ಕುಂದೂರಿನ ನಮ್ಮ ಮನೆಯ ಮೆಟ್ಟುಕತ್ತಿ ಕಳೆದ ಮಳೆಗಾಲವಿಡೀ ಮೆಟ್ಟಿಲಿನ ಅಡಿಯ ಕತ್ತಲಲ್ಲಿ, ಬಾಯಿಗೆ ಹಳೆಯ ಪತ್ರಿಕೆ ಸುತ್ತಿಸಿಕೊಂಡು, ಹಲ್ಲುನೋವು ಬಂದವರ ಹಾಗೆ ಗೋಡೆಗೆ ಮುಖ ಮಾಡಿ ಕೂತಿತ್ತು.

ಹಲ್ಲಿಗೇನೂ ಆಗಿರಲಿಲ್ಲ, ಆಗಿದ್ದು ನನ್ನ ಅತ್ತೆಯ ಮೊಣಗಂಟಿಗೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಅತ್ತೆ ಕೋಲು ಹಿಡಿದು ಅಂಗಳದ ತುದಿಯ ತನಕ ನಡೆಯುವಷ್ಟು ಸುಧಾರಿಸಿದರು. ಆದರೆ ಇನ್ನು ಮುಂದೆ ನೆಲಕ್ಕೆ ಕೂರಲೇಬಾರದು ಎಂದು ಡಾಕ್ಟರು ಹೇಳಿದ ಒಂದು ಮಾತು ಅವರ ಕೈಯಿಂದ ಅಡುಗೆಮನೆಯನ್ನೇ ಕಿತ್ತುಕೊಂಡಿತು. ಕಾಯಿ ಹೆರೆಯುವುದು, ಸೊಪ್ಪು ಸೋಸುವುದು, ಮೀನು ಕತ್ತರಿಸುವುದು, ಮಧ್ಯೆ ಮಧ್ಯೆ ಊರಿನ ಸುದ್ದಿ ಸೋಸುವುದು, ಎಲ್ಲವನ್ನೂ ಅವರು ಕೂತೇ ಮಾಡಿದವರು. ಒಲೆಯ ಕಟ್ಟೆಯ ಮುಂದೆ ನಿಂತು ಒಗ್ಗರಣೆ ಹಾಕಲು ಹೇಳಿದರೆ, “ನಿಂತುಕೊಂಡು ಅಡಿಗೆ ಮಾಡುದು ಅಂದ್ರೆ ಬಸ್ಸಿನಲ್ಲಿ ನಿಂತು ಊಟ ಮಾಡಿದ ಹಾಗೆ,” ಎಂದರು. ಹೇಳಿದವರು ಚಾವಡಿಯ ಕುರ್ಚಿಗೆ ಹೋಗಿ ಕೂತರು, ಕೂತವರು ಅಲ್ಲಿಯೇ ಉಳಿದರು.

ಅತ್ತೆ ಕಾಯಿ ಹೆರೆಯುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲೊಂದು ಕಳ್ಳತನ ನಡೆಯುತ್ತಿತ್ತು. ಅವರ ಬಟ್ಟಲಿನ ಪಕ್ಕದಿಂದ ಹಾದುಹೋಗುವ ಯಾರೇ ಆದರೂ ಬಗ್ಗಿ ಒಂದು ಚಿಟಿಕೆ ಕಾಯಿತುರಿಯನ್ನು ಬಾಯಿಗೆ ಹಾಕಿಕೊಳ್ಳಬೇಕು, ಅತ್ತೆ ತಲೆ ಎತ್ತದೆಯೇ ಕಳ್ಳನ ಕೈಗೆ ಒಂದು ಪೆಟ್ಟು ಕೊಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಆ ಪೆಟ್ಟು ಸಿಕ್ಕಿದ ದಿನವೇ ಈ ಮನೆ ನನ್ನದೂ ಹೌದು ಎಂದು ನನಗೆ ಅನ್ನಿಸಿದ್ದು. ಅತ್ತೆ ಚಾವಡಿ ಸೇರಿದ ಮೇಲೆ ಕಾಯಿಯನ್ನು ಯಂತ್ರ ತುರಿಯತೊಡಗಿತು. ಯಂತ್ರದ ಬಾಯಿಗೆ ಕೈ ಹಾಕಿ ಕದಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಮಧ್ಯಾಹ್ನ ಚಾವಡಿಯಿಂದ ಅತ್ತೆಯ ದನಿ ಕೇಳಿತು. “ಒಂದು ಲೋಟ ನೀರು ಸಿಗ್ಬಹುದಾ?” ಎಂದು ಕೇಳಿದರು. ಸಿಗಬಹುದಾ ಎಂದರೆ ಏನರ್ಥ? ಬಾವಿ ಅವರದ್ದು, ಕೊಡಪಾನ ಅವರದ್ದು, ಲೋಟದ ಅಡಿಯಲ್ಲಿ ಕೊರೆದ ಹೆಸರು ಅವರ ಗಂಡನದ್ದು. ಬಿಸಿಲಿಗೆ ದಣಿದು ಬಂದ ದಾರಿಹೋಕರ ಹಾಗೆ ಅವರು ತಮ್ಮ ಮನೆಯಲ್ಲೇ ನೀರು ಕೇಳಿದ್ದು ನೋಡಿ ನನಗೆ ಅಳು ಬಂತು. ಅಡುಗೆಮನೆಯನ್ನು ಬದಲಾಯಿಸುವುದೇ ಸೈ, ಹೇಗಾದರೂ ಮಾಡಿ ಅತ್ತೆಯನ್ನು ಅದರೊಳಗೆ ಕರೆತರುವುದೇ ಸೈ ಎಂದು ನಾನು ಅಂದೇ ನಿಶ್ಚಯಿಸಿದೆ.

ಹೇಗೆ ಎಂಬುದು ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿಲ್ಲದವರಿಗೆ ಸಲಹೆ ಕೊಡುವವರು ಬಹಳ. ನಮ್ಮವರು ಮಸ್ಕತ್ತಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು, ಅಲ್ಲಿ ಯಾರದೋ ಬಂಗಲೆಯಲ್ಲಿ ಅಡುಗೆಮನೆಯ ನಟ್ಟನಡುವೆ ನಾಲ್ಕೂ ಕಡೆಯಿಂದ ಸುತ್ತಬಹುದಾದ ಒಂದು ಕಟ್ಟೆಯನ್ನು ಕಂಡವರು. ಅದಕ್ಕೆ ಐಲ್ಯಾಂಡ್ ಎನ್ನುತ್ತಾರಂತೆ. ಅದನ್ನು ಹೇಳುವಾಗ ಅವರ ಕಣ್ಣು ತುಸು ಒದ್ದೆಯಾಗುತ್ತದೆ. ನಮ್ಮ ಅಡುಗೆಮನೆಯ ನಡುವೆ ದ್ವೀಪ ಎದ್ದರೆ ಸುತ್ತ ಉಳಿಯುವ ಜಾಗದಲ್ಲಿ ನಾವೆಲ್ಲ ಮೀನಿನ ಹಾಗೆ ಮೈ ವಾರೆ ಮಾಡಿ ಸುಳಿಯಬೇಕಾಗುತ್ತದೆ ಎಂದು ನಾನೆಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ಕಾಪುವಿನಲ್ಲಿರುವ ನಾದಿನಿಯದು ಇನ್ನೊಂದು ಕಥೆ. ಅವಳ ಅಡುಗೆಮನೆ ಹಾಲಿನ ಹಾಗೆ ಬಿಳಿ. ಕಪಾಟುಗಳಿಗೆ ಹಿಡಿಯೇ ಇಲ್ಲ, ಒತ್ತಿದರೆ ತೆರೆದುಕೊಳ್ಳುತ್ತವೆ. ಅಷ್ಟು ಚಂದದ ಕೋಣೆಯಲ್ಲಿ ಮೀನು ಹುರಿದರೆ ಎಣ್ಣೆಯ ಹೊಗೆ ಅಂಟುತ್ತದಲ್ಲ? ಹಾಗಾಗಿ ಹಿತ್ತಲಿಗೆ ಒಂದು ಶೀಟು ಇಳಿಸಿ, ಹಳೆಯ ಗ್ಯಾಸ್ ಒಲೆಯನ್ನು ಅಲ್ಲಿಟ್ಟು, ಅದಕ್ಕೆ ವರ್ಕ್ ಏರಿಯಾ ಎಂದು ಹೆಸರಿಟ್ಟಿದ್ದಾಳೆ. ಮೂರು ಹೊತ್ತಿನ ಅಡುಗೆಯೂ ಅಲ್ಲಿಯೇ, ಕಡಲ ಗಾಳಿಗೆ ಒಲೆ ಆರದಂತೆ ಸೆರಗು ಅಡ್ಡ ಹಿಡಿದುಕೊಂಡು. ಒಳಗಿನ ಬಿಳಿಯ ಕೋಣೆ ಬಂದವರಿಗೆ ತೋರಿಸಲಿಕ್ಕೆ. ನೀವು ನಗಬೇಡಿ, ನಮ್ಮ ಕರಾವಳಿಯಲ್ಲಿ ಇಂಥ ಮನೆಗಳು ಒಂದೆರಡಲ್ಲ. ನೋಡಲು ಒಂದು, ಬೇಯಿಸಲು ಒಂದು ಎಂದು ಎರಡು ಅಡುಗೆಮನೆ ಕಟ್ಟಿ, ಎರಡರಲ್ಲೂ ಕೂರಲು ಜಾಗ ಇಡದ ಜಾಣರು ನಾವು.

ನಾನು ಮಣಿಪಾಲದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಕೆಲಸ ಮುಗಿದ ಮೇಲೆ ಒಂದು ಸಂಜೆ, ಅಲ್ಲಿಯೇ ಅಡುಗೆಮನೆಗಳ ವಿನ್ಯಾಸ ಮಾಡಿಕೊಡುವ ಹುಡುಗಿಯೊಬ್ಬಳ ಬಳಿಗೆ ನಮ್ಮವರನ್ನೂ ಕರೆಸಿಕೊಂಡು ಹೋದೆ. ಬಹಳ ಚುರುಕಿನ ಹುಡುಗಿ. ಒಲೆ, ಸಿಂಕ್, ಫ್ರಿಜ್ ಈ ಮೂರೂ ಒಂದು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು, ಅಡುಗೆ ಮಾಡುವವರ ಓಡಾಟ ಆ ತ್ರಿಕೋನದೊಳಗೇ ಮುಗಿಯಬೇಕು ಎಂದು ಅವಳು ವಿವರಿಸಿದಾಗ ನಾನು ಸಂತೋಷದಿಂದ ತಲೆದೂಗಿದೆ. ಆಮೇಲೆ ಪರದೆಯ ಮೇಲೆ ಚಿತ್ರ ಮೂಡಿತು. ನಮ್ಮವರ ದ್ವೀಪ, ದ್ವೀಪದ ಮೇಲೆ ಒಲೆ, ಎದುರಿನ ಗೋಡೆಗೆ ಸಿಂಕ್, ಒಂದು ಗಾಜಿನ ಬೋಗುಣಿಯಲ್ಲಿ ಹಸಿರು ಸೇಬುಗಳು. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹಸಿರು ಸೇಬು ತಿಂದವರಲ್ಲ. ಎಷ್ಟು ಹುಡುಕಿದರೂ ಆ ಚಿತ್ರದಲ್ಲಿ ಒಂದು ತೆಂಗಿನಕಾಯಿ ಸಿಗಲಿಲ್ಲ, ಒಬ್ಬ ಮನುಷ್ಯನೂ ಸಿಗಲಿಲ್ಲ. ಅತ್ತೆಯ ಕುರ್ಚಿ ಎಲ್ಲಿಡುವುದೆಂದು ನಾನು ಕೇಳಿದೆ. “ಡೈನಿಂಗಲ್ಲಿ ಇಡ್ಬಹುದು ಮೇಡಂ, ಓಪನ್ ಕಿಚನ್ ಅಲ್ವಾ, ಅಲ್ಲಿಂದಲೇ ನೋಡ್ತಾ ಕೂರ್ಬಹುದು,” ಎಂದಳು ಹುಡುಗಿ, ತುಂಬ ಪ್ರೀತಿಯಿಂದ. ನೋಡುತ್ತಾ ಕೂರುವುದನ್ನು ಅತ್ತೆ ಈಗಾಗಲೇ ಸಾಕಷ್ಟು ಮಾಡಿಯಾಗಿತ್ತು.

ಬಸ್ಸಿನಲ್ಲಿ ಬರುವಾಗ ನನಗೊಂದು ಹುಚ್ಚು ಹೊಳೆಯಿತು. ಕಾಗದದ ಮೇಲಿನ ಅಳತೆ ನನಗೆ ಅರ್ಥವಾಗುವುದಿಲ್ಲ, ಆದರೆ ನೆಲದ ಮೇಲೆ ಬರೆದದ್ದು ಅರ್ಥವಾಗುತ್ತದೆ. ಬರೆಯಬಹುದಲ್ಲ, ಅಂಗಳ ಇದೆಯಲ್ಲ? ಮರುದಿನ ಭಾನುವಾರ ಬೆಳಿಗ್ಗೆ ಅಂಗಳ ಗುಡಿಸಿ, ನಮ್ಮವರ ಕೈಗೆ ಟೇಪು ಕೊಟ್ಟು, ಹೊಸ ಅಡುಗೆಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಬರೆಯತೊಡಗಿದೆ. ರಂಗೋಲಿ ಹುಡಿ ಅರ್ಧ ಗೋಡೆಗೇ ಮುಗಿದುಹೋಯಿತು, ಉಳಿದರ್ಧಕ್ಕೆ ಅಕ್ಕಿಹಿಟ್ಟು ತಂದೆ. ಬಟ್ಟೆ ಒಗೆಯುವ ಕಲ್ಲು ಸಿಂಕ್ ಆಯಿತು. ದ್ವೀಪದ ಜಾಗಕ್ಕೆ ಎರಡು ಬೆಂಚು ಬಂದವು, ಅದರ ಮೇಲೆ ಒಲೆಯೆಂದು ಒಂದು ಇಟ್ಟಿಗೆ. ಫ್ರಿಜ್ಜಿಗೆ ಏನೂ ಸಿಗದ ಕಾರಣ ನಮ್ಮವರೇ ಫ್ರಿಜ್ ಆಗಿ ಮೂಲೆಯಲ್ಲಿ ನಿಂತರು, ಬಲಗೈಯನ್ನು ಬಾಗಿಲಿನ ಹಾಗೆ ತೆರೆದು ಮುಚ್ಚಿದರು. ಮದುವೆಯಾದಂದಿನಿಂದ ಅವರು ಒಂದೇ ಕಡೆ ಅಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಆಟ ಸುರುವಾದ ಮೇಲೆ ಮಜವೋ ಮಜ. ನಾನು ಇಲ್ಲದ ಈರುಳ್ಳಿಯನ್ನು ಇಲ್ಲದ ಕತ್ತಿಯಲ್ಲಿ ಹೆಚ್ಚಿ ಇಲ್ಲದ ಕಣ್ಣೀರನ್ನು ಒರೆಸಿಕೊಂಡೆ. ಫ್ರಿಜ್ಜಿನ ಬಾಗಿಲು ತೆರೆದರೆ ಅದು ನನ್ನ ಮೊಣಕೈಗೆ ಬಡಿಯಿತು, ಫ್ರಿಜ್ಜೇ “ಅಯ್ಯೋ” ಎಂದಿತು. ಪಕ್ಕದ ಮನೆಯ ಜೊಹರಾಳ ಕೋಳಿಗಳು ಬಂದು ಅಕ್ಕಿಹಿಟ್ಟಿನ ಉತ್ತರದ ಗೋಡೆಯನ್ನು ಹೆಕ್ಕಿ ತಿನ್ನತೊಡಗಿದವು, ಅವನ್ನು ಅಟ್ಟಿಸಿಕೊಂಡು ಜೊಹರಾ ಬಂದಳು. “ಎಂತ ಅಕ್ಕ ಇದು, ಎಂತ ಮಾಡ್ತಾ ಇದ್ದೀರಿ ನೀವು?” ಎಂದು ಕೇಳಿದಳು. ಅಡುಗೆಮನೆ ಎಂದೆ. ಅವಳು ಒಮ್ಮೆ ನನ್ನನ್ನು, ಒಮ್ಮೆ ಫ್ರಿಜ್ಜನ್ನು ನೋಡಿದಳು. ಆಮೇಲೆ ಹಿಟ್ಟಿನಲ್ಲಿ ಬಾಗಿಲೆಂದು ಬರೆದಿದ್ದ ಕಡೆ ಚಪ್ಪಲಿ ಕಳಚಿಟ್ಟು ಒಳಗೆ ಬಂದಳು. ಇಷ್ಟು ಒಳ್ಳೆಯ ನೆರೆಮನೆಯವಳು ಯಾರಿಗುಂಟು ಹೇಳಿ.

ಇಷ್ಟೆಲ್ಲ ನಡೆಯುವಾಗ ಅತ್ತೆ ಜಗಲಿಯ ಕುರ್ಚಿಯಲ್ಲಿದ್ದರು. ಅಡುಗೆಮನೆ ಹೇಗಿರಬೇಕೆಂದು ನಾನು ಬೆಳಿಗ್ಗೆಯೇ ಅವರನ್ನು ಕೇಳಿದ್ದೆ, “ನನ್ನತ್ರ ಎಂತಕ್ಕೆ ಕೇಳುದು, ಅಡಿಗೆ ಮಾಡುವವರು ನೀವಲ್ವಾ,” ಎಂದು ಮುಖ ಆಚೆ ತಿರುಗಿಸಿದ್ದರು. ಆದರೆ ಮುಖ ಬಹಳ ಹೊತ್ತು ಆಚೆ ನಿಲ್ಲಲಿಲ್ಲ ಎಂಬುದನ್ನು ನಾನು ಓರೆಗಣ್ಣಿನಲ್ಲಿ ಗಮನಿಸುತ್ತಲೇ ಇದ್ದೆ.

ಕೊನೆಗೆ ಅನ್ನದ ಸರದಿ ಬಂತು. ನಮ್ಮದು ಕುಚ್ಚಲಕ್ಕಿಯ ಊರು, ಇಲ್ಲಿ ಅನ್ನ ಕುಕ್ಕರಿನಲ್ಲಿ ಸೀಟಿ ಹೊಡೆದು ತನ್ನಷ್ಟಕ್ಕೆ ಮುಗಿಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಕುದಿಯಬೇಕು, ಬೆಂದ ಮೇಲೆ ಮುಚ್ಚಳ ಒತ್ತಿಹಿಡಿದು ಪಾತ್ರೆಯನ್ನು ಬಗ್ಗಿಸಿ ಗಂಜಿ ಬಸಿಯಬೇಕು. ಆಟಕ್ಕೂ ಒಂದು ಸತ್ಯ ಇರಲಿ ಎಂದು ನಾನು ಪಾತ್ರೆಗೆ ನೀರು ತುಂಬಿಸಿ ಇಟ್ಟಿಗೆಯ ಮೇಲಿಟ್ಟಿದ್ದೆ. ಅದನ್ನು ಎತ್ತಿಕೊಂಡು, ಬೆಂಚುಗಳನ್ನು ಬಳಸಿ, ಸಿಂಕಿನ ಕಡೆಗೆ ಹೊರಟಾಗ ಒಂದು ಕೋಳಿ ಕಾಲಿಗೆ ಸಿಕ್ಕಿತು. ಪಾತ್ರೆ ವಾಲಿತು, ನೀರು ತುಳುಕಿ ನನ್ನ ಎರಡೂ ಪಾದಗಳ ಮೇಲೆ ಸುರಿಯಿತು.

“ಗಂಜಿ, ಗಂಜಿ, ಕಾಲು ಹಿಂದೆ ತೆಗಿ,” ಎಂಬ ಕೂಗು ಜಗಲಿಯಿಂದ ಕೇಳಿತು. ತಿರುಗಿ ನೋಡಿದರೆ ಅತ್ತೆ ಮೆಟ್ಟಿಲಿಳಿದು, ಕೋಲೂರಿಕೊಂಡು, ಅಂಗಳ ದಾಟಿ, ನೇರವಾಗಿ ನಮ್ಮ ಅಡುಗೆಮನೆಯ ಗೋಡೆಯ ಮೂಲಕವೇ ಒಳಗೆ ಬರುತ್ತಿದ್ದಾರೆ. ಫ್ರಿಜ್ ಬಾಯಿ ಬಿಟ್ಟಿತು. “ಅಮ್ಮಾ, ಅದು ಗೋಡೆ,” ಎಂದರು ನಮ್ಮವರು.

“ಗೋಡೆ ಯಾವಾಗ ಬೇಕಾದ್ರೂ ಬರ್ಲಿ ಮಾರಾಯ, ನಾನು ಈಗ ಬಂದೆ,” ಎಂದರು ಅತ್ತೆ. ನನ್ನ ಪಾದ ಮುಟ್ಟಿ ನೋಡಲು ಬಗ್ಗಲಾಗದೆ ಕೋಲಿನ ತುದಿಯಿಂದ ಮೆಲ್ಲಗೆ ತಟ್ಟಿದರು. ತಣ್ಣೀರೆಂದು ಗೊತ್ತಾದ ಮೇಲೆ ನಗಬೇಕಿತ್ತು, ಅವರಿಗೆ ಸಿಟ್ಟು ಬಂತು. “ಒಲೆ ಅಲ್ಲಿ, ಬಸಿಯುದು ಇಲ್ಲಿ. ದಿನಾ ಕುದಿಯುವ ಗಂಜಿ ಹಿಡ್ಕೊಂಡು ಇವಳು ಇಷ್ಟು ದೂರ ಓಡಾಡುದಾ? ಯಾರು ಇದನ್ನು ಬರೆದದ್ದು?”

ನಾನೂ ನಮ್ಮವರೂ ಮಣಿಪಾಲದ ದಿಕ್ಕಿಗೆ ನೋಡಿದೆವು. ಜೊಹರಾ ಓಡಿಹೋಗಿ ಜಗಲಿಯ ಕುರ್ಚಿ ತಂದಳು. ಅತ್ತೆ ನಡುವೆ ಕೂತು, ಕೋಲನ್ನು ಎತ್ತಿ, ಅರ್ಧ ಗಂಟೆಯೊಳಗೆ ಒಂದು ದೇಶವನ್ನೇ ತಿದ್ದಿ ಬರೆಯಿಸಿದರು. ಮೊದಲು ದ್ವೀಪ ಹೋಯಿತು. ಒಲೆಯೂ ಸಿಂಕೂ ಒಂದೇ ಕಟ್ಟೆಗೆ ಬಂದವು, ಪಾತ್ರೆಯನ್ನು ಎತ್ತದೆ ಕಲ್ಲಿನ ಮೇಲೇ ಸರಿಸಿ ಬಗ್ಗಿಸುವಷ್ಟು ಹತ್ತಿರ. ಕಟ್ಟೆಯ ಎತ್ತರಕ್ಕೆ ನನ್ನನ್ನು ನಿಲ್ಲಿಸಿ, ಮೊಣಕೈ ಮಡಚಿಸಿ, ಅದಕ್ಕಿಂತ ಒಂದು ಗೇಣು ಕೆಳಗೆ ಎಂದು ಗುರುತು ಮಾಡಿಸಿದರು. ಕೊನೆಗೆ, “ಕಾಯಿ ಹೆರೆಯುವವರು ಎಲ್ಲಿ ಕೂತುಕೊಳ್ಳುದು?” ಎಂದು ಕೇಳಿದರು.

ಆ ಪ್ರಶ್ನೆಗಾಗಿಯೇ ನಾನು ಇಡೀ ಮಳೆಗಾಲ ಕಾದದ್ದು. ಆದರೆ ನೆಲಕ್ಕೆ ಕೂರುವ ಹಾಗಿಲ್ಲವಲ್ಲ. ಜೊಹರಾ ಅತ್ತೆಯ ಕುರ್ಚಿಯನ್ನೂ ಎದುರಿಗಿದ್ದ ಬೆಂಚನ್ನೂ ನೋಡಿದಳು. “ಅಮ್ಮ ಕೆಳಗೆ ಹೋಗ್ಲಿಕ್ಕೆ ಆಗ್ದಿದ್ರೆ ಕತ್ತಿಯನ್ನೇ ಮೇಲೆ ತಂದ್ರೆ ಆಯ್ತಲ್ವಾ?” ಎಂದಳು. ಫ್ರಿಜ್ ಒಳಗೆ ಓಡಿತು. ಮೆಟ್ಟಿಲಿನಡಿಯಿಂದ ಮೆಟ್ಟುಕತ್ತಿ ಬಂತು, ಪತ್ರಿಕೆ ಬಿಚ್ಚಿತು, ಬೆಂಚಿನ ಮೇಲೆ ಕೂತಿತು. ಅತ್ತೆಯ ಪಾದದ ಬದಲು ನಮ್ಮವರೇ ಮಣೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು, ನಾನೊಂದು ಕಾಯಿ ಒಡೆದು ತಂದೆ. ಅತ್ತೆ ಕಾಯಿಯ ಒಂದು ಕಡಿಯನ್ನು ಕತ್ತಿಯ ಹಲ್ಲಿಗೆ ತಾಗಿಸಿ ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು. ಕಡಿ ಖಾಲಿಯಾಗುವ ತನಕ ನಿಲ್ಲಿಸಲೇ ಇಲ್ಲ.

ಅಂಗಳದ ಆ ಚಿತ್ರವನ್ನು ಕಾಗದಕ್ಕೆ ಇಳಿಸಿ ಮಣಿಪಾಲದ ಹುಡುಗಿಗೆ ಕೊಟ್ಟೆವು, ಅವಳು ಖುಷಿಯಿಂದಲೇ ಸೇಬುಗಳನ್ನು ತೆಗೆದಳು. ಕಿಟಕಿಯ ಬಳಿ ಒಂದು ತಗ್ಗು ಕಟ್ಟೆ ಬಂತು, ಅಡಿಯಲ್ಲಿ ಕುರ್ಚಿಯಲ್ಲಿ ಕೂತವರ ಕಾಲು ನೀಡುವಷ್ಟು ಖಾಲಿ ಜಾಗ, ಮೇಲೆ ಮೆಟ್ಟುಕತ್ತಿಯ ಮಣೆಗೆ ಎರಡು ಬೋಲ್ಟು. ಈಗ ಮೆಟ್ಟುವ ಕೆಲಸ ಬೋಲ್ಟಿನದು. ಅಡುಗೆಮನೆಯ ಅಳತೆ ಎಂದರೆ ಅಡಿ, ಅಂಗುಲ ಎಂದುಕೊಂಡಿದ್ದೆ ನಾನು. ಪೆರ್ಡೂರಿನ ನನ್ನ ತವರಿನಲ್ಲಿ ಅಮ್ಮನ ಅಡುಗೆಕೋಣೆ ಒಂದು ಮಂಚ ಹಿಡಿಸದಷ್ಟು ಚಿಕ್ಕದಿತ್ತು, ಆದರೂ ಅಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಿದ್ದೆವು. ಒಲೆಗೂ ನೀರಿಗೂ ನಡುವೆ ಎಷ್ಟು ದೂರ ಎಂದು ಕೇಳುವುದು ಸರಿಯೇ, ಬಹಳ ಸರಿ. ಅದರ ಜೊತೆಗೆ ಕೆಲಸ ಇಲ್ಲದವರೂ ಬಂದು ಕೂರುವ ಜಾಗ ಯಾವುದು ಎಂದು ಕೇಳಬೇಕು. ಆ ಜಾಗ ಇದ್ದರೆ ಬಂದು ಕೂತವರ ಕೈಗೆ ಕೆಲಸ ತಾನಾಗಿ ಸಿಗುತ್ತದೆ.

ಮೊನ್ನೆ ಸಂಜೆ ಮಣಿಪಾಲದಿಂದ ಬಂದವಳು, ಬಸ್ಸಿನಲ್ಲಿ ನಿಂತು ಸಾಕಾಗಿ, ಬ್ಯಾಗು ಎಸೆದು ಅಡುಗೆಮನೆಯ ಬಾಗಿಲಿಗೆ ಬಂದೆ. ನಮ್ಮವರು ಬಂಗುಡೆ ಹುರಿಯುತ್ತಿದ್ದರು. ಜೊಹರಾ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದಳು. ಕಿಟಕಿಯ ಬಳಿ ಅತ್ತೆ, ಅವರ ಮುಂದೆ ಮೆಟ್ಟುಕತ್ತಿ, ಅದರ ಕೆಳಗೆ ಬಟ್ಟಲಲ್ಲಿ ಬೆಳ್ಳಗೆ ಏರುತ್ತಿದ್ದ ಕಾಯಿತುರಿ. ನನಗೆ ನಿಲ್ಲಲು ಜಾಗವಿರಲಿಲ್ಲ. “ಒಂದು ಲೋಟ ನೀರು ಸಿಗ್ಬಹುದಾ?” ಎಂಬ ಮಾತು ನನ್ನ ಬಾಯಿಂದ ಬಂತು, ಬಂದ ಮೇಲೆ ಅದು ಯಾರ ಮಾತೆಂದು ನೆನಪಾಯಿತು.

“ನೀರು ಅಲ್ಲೇ ಉಂಟು, ತೆಕ್ಕೊಂಡು ಕುಡಿ,” ಎಂದರು ಅತ್ತೆ, ತಲೆ ಎತ್ತದೆ. “ಮತ್ತೆ ಸ್ವಲ್ಪ ಆಚೆ ನಿಲ್ಲು, ಬೆಳಕಿಗೆ ಅಡ್ಡ ಆಗ್ತದೆ.”

ನಾನು ಆಚೆ ನಿಂತು ನೀರು ಕುಡಿದೆ. ಆಮೇಲೆ ಲೋಟ ತೊಳೆಯುವ ನೆಪದಲ್ಲಿ ಅತ್ತೆಯ ಪಕ್ಕದಿಂದಲೇ ಹಾದುಹೋದೆ, ಬಟ್ಟಲಿಗೆ ಕೈ ಹಾಕಿದೆ. ಬೆರಳು ಕಾಯಿತುರಿಯನ್ನು ಮುಟ್ಟುವುದರೊಳಗೆ ಕೈಗೆ ಪೆಟ್ಟು ಬಿತ್ತು.